ಡ್ಯಾಫೊಡಿಲ್ಸ್ ನೋಡಿದ ದಿನ ವರ್ಡ್ಸ್‌ವರ್ತ್ ಒಬ್ಬನೇ ಇರಲಿಲ್ಲ

ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಹೂವನ್ನು ಕಣ್ಣಾರೆ ಕಂಡವರು ಕಡಿಮೆ. ಅದರಿಂದ ಪರೀಕ್ಷೆಗೇನೂ ತೊಂದರೆ ಆಗುತ್ತಿರಲಿಲ್ಲ. "ಕವಿ ಇಲ್ಲಿ ಪ್ರಕೃತಿಯ ಸೌಂದರ್ಯವನ್ನು ವರ್ಣಿಸಿದ್ದಾನೆ" ಎಂದು ಬರೆದರೆ ಅಂಕ ಬರುತ್ತಿತ್ತು. ಹಾಗೆ ಓದಿ ಅಮೆರಿಕಕ್ಕೆ ಹೋಗಿ ನೆಲೆಸಿದವರ ಮಗಳು ಈಗ ಹನ್ನೆರಡನೇ ತರಗತಿಯಲ್ಲಿ ಅದೇ ಪದ್ಯ ಹಿಡಿದು ಕೂತರೆ, ಅಪ್ಪ ಅಮ್ಮ ಅದೇ ಉತ್ತರ ಹೇಳಿಕೊಡುತ್ತಾರೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಹೇಳುವ ಅಲ್ಲಿನ ಎಪಿ ಇಂಗ್ಲಿಷ್ ತರಗತಿಯಲ್ಲಿ ಆ ಉತ್ತರ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ, ಅಲ್ಲಿ ರೊಮ್ಯಾಂಟಿಕ್ ಸಾಹಿತ್ಯವನ್ನು, ಅಂದರೆ ವರ್ಡ್ಸ್‌ವರ್ತ್ ಕಾಲದ ಇಂಗ್ಲಿಷ್ ಸಾಹಿತ್ಯವನ್ನು, ಹೇಗೆ ಓದುತ್ತಾರೆ ಅನ್ನುವುದನ್ನು ಇದೇ ಪದ್ಯದಿಂದ ಶುರು ಮಾಡೋಣ.

1802ರ ಏಪ್ರಿಲ್ 15. ಉತ್ತರ ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಂಡೆ. ಜೋರು ಗಾಳಿ. ವರ್ಡ್ಸ್‌ವರ್ತ್ ತನ್ನ ತಂಗಿ ಡೊರೊಥಿ ಜೊತೆ ನಡೆದು ಬರುತ್ತಿದ್ದ. ಹೂಗಳನ್ನು ಇಬ್ಬರೂ ನೋಡಿದರು. ಆ ದಿನದ ದಿನಚರಿಯಲ್ಲಿ ಡೊರೊಥಿ ಎಲ್ಲವನ್ನೂ ಬರೆದಿಟ್ಟಳು: ಕೆಲವು ಹೂಗಳು ದಣಿದವರಂತೆ ಕಲ್ಲುಗಳ ಮೇಲೆ ತಲೆಯಿಟ್ಟಿದ್ದವು, ಉಳಿದವು ತೂರಾಡಿ ಕುಣಿಯುತ್ತಿದ್ದವು, ಗಾಳಿಯ ಜೊತೆ ನಗುತ್ತಿದ್ದಂತೆ ಕಂಡವು. ಅಣ್ಣ ಪದ್ಯ ಬರೆದದ್ದು ಸುಮಾರು ಎರಡು ವರ್ಷದ ಮೇಲೆ, 1804ರಲ್ಲಿ. ಅಚ್ಚಾದದ್ದು 1807ರಲ್ಲಿ. ಕುಣಿತ ಹಾಗೇ ಬಂತು. ತಂಗಿ ಬರಲಿಲ್ಲ. ಪದ್ಯ ಶುರುವಾಗುವುದೇ "ಮೋಡದಂತೆ ಒಂಟಿಯಾಗಿ ಅಲೆದೆ" ಅಂತ.

ಇನ್ನೂ ಒಂದು ಸಂಗತಿ ಇದೆ. ಕೊನೆಯ ನುಡಿಯಲ್ಲಿ ಹೂಗಳು ಒಳಗಣ್ಣಿಗೆ ಮಿಂಚುತ್ತವೆ, ಆ ಒಳಗಣ್ಣೇ ಏಕಾಂತದ ಸುಖ ಎಂದು ಹೇಳುವ ಎರಡು ಸಾಲು ಬರುತ್ತವೆ. ಇಡೀ ಪದ್ಯದಲ್ಲಿ ಅತ್ಯುತ್ತಮ ಸಾಲುಗಳು ಅವು. ಆ ಎರಡು ಸಾಲು ಕೊಟ್ಟವಳು ಹೆಂಡತಿ ಮೇರಿ ಎಂದು ವರ್ಡ್ಸ್‌ವರ್ತ್ ತಾನೇ ಹೇಳಿದ್ದಾನೆ. ಏಕಾಂತದ ಸುಖವನ್ನು ಹೊಗಳುವ ಸಾಲು ಇನ್ನೊಬ್ಬರಿಂದ ಬಂತು!

ಹಾಗಂತ ಕವಿ ಸುಳ್ಳು ಹೇಳಿದ ಎಂದು ಹಿಡಿದುಕೊಡುವುದು ಇಲ್ಲಿ ಕೆಲಸವಲ್ಲ. ಕವಿತೆಗೆ ಒಂಟಿತನ ಬೇಕಾಗಿತ್ತು. ಯಾಕೆ ಬೇಕಾಗಿತ್ತು? ಅದರಿಂದ ಪದ್ಯಕ್ಕೆ ಏನು ದಕ್ಕಿತು, ಏನು ಕಳೆಯಿತು? ಈ ಪ್ರಶ್ನೆ ಕೇಳುವುದನ್ನು ಕಲಿತರೆ ಎಪಿ ತರಗತಿಯ ಅರ್ಧ ಕೆಲಸ ಆದಂತೆ. ರೊಮ್ಯಾಂಟಿಕ್ ಕವಿಗಳು ದೊಡ್ಡ ದೊಡ್ಡ ಮಾತು ಹೇಳಿದವರು. ಅವರು ಹೇಳಿಕೊಂಡದ್ದಕ್ಕೂ ಅವರ ಪದ್ಯ ಮಾಡುವ ಕೆಲಸಕ್ಕೂ ನಡುವೆ ಎಲ್ಲೆಲ್ಲಿ ಸಂದು ಇದೆಯೋ ಅಲ್ಲಿ ಕಣ್ಣಿಡಬೇಕು. ಓದುವ ಸುಖವೂ ಅಲ್ಲೇ ಇದೆ.

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಇದನ್ನು ನಡೆಸುವುದು ಕಾಲೇಜ್ ಬೋರ್ಡ್. ಎಪಿ ಲಿಟರೇಚರ್ ಪರೀಕ್ಷೆ ಮೇ ತಿಂಗಳಲ್ಲಿ, ಮೂರು ಗಂಟೆ. ಮೊದಲ ಒಂದು ಗಂಟೆಯಲ್ಲಿ 55 ಬಹು ಆಯ್ಕೆಯ ಪ್ರಶ್ನೆ, ಅದಕ್ಕೆ ಶೇ 45 ಅಂಕ. ಉಳಿದ ಎರಡು ಗಂಟೆಯಲ್ಲಿ ಮೂರು ಎಸ್ಸೇ: ಒಂದು ಪದ್ಯದ ಮೇಲೆ, ಒಂದು ಗದ್ಯದ ತುಣುಕಿನ ಮೇಲೆ, ಮತ್ತೊಂದು ವಿದ್ಯಾರ್ಥಿಯೇ ಆರಿಸಿಕೊಳ್ಳುವ ಕಾದಂಬರಿ ಅಥವಾ ನಾಟಕದ ಮೇಲೆ. ಇದಕ್ಕೆ ಗೊತ್ತುಪಡಿಸಿದ ಪಠ್ಯಪುಸ್ತಕ ಇಲ್ಲ. ಯಾವ ಪದ್ಯ ಓದಿಸಬೇಕು ಅನ್ನುವುದು ಟೀಚರ್‌ಗೆ ಬಿಟ್ಟದ್ದು. ಪರೀಕ್ಷೆಯಲ್ಲಿ ಬರುವ ಪದ್ಯವನ್ನು ಹುಡುಗರು ಮೊದಲು ನೋಡಿಯೇ ಇರಲಿಕ್ಕಿಲ್ಲ. ಅಂದಮೇಲೆ ಸಾರಾಂಶ ಉರುಹೊಡೆದು ಪ್ರಯೋಜನ ಇಲ್ಲ. ಇಂಗ್ಲೆಂಡಿನಲ್ಲಿ ಶಾಲೆಯ ಕೊನೆಗೆ ಬರೆಯುವ ಎ-ಲೆವೆಲ್ ಪರೀಕ್ಷೆ ಸ್ವಲ್ಪ ಬೇರೆ. ಅಲ್ಲಿ ಗೊತ್ತುಪಡಿಸಿದ ಪುಸ್ತಕಗಳಿರುತ್ತವೆ, ಬರೆದ ಕಾಲದ ಹಿನ್ನೆಲೆ ಹೇಳಿದ್ದಕ್ಕೂ ಅಂಕ ಇದೆ, ಬೇರೆ ಬೇರೆ ವಿಮರ್ಶಕರು ಹೇಗೆ ಓದಿದ್ದಾರೆ ಅನ್ನುವುದಕ್ಕೂ ಇದೆ. ಎಪಿಯಲ್ಲಿ ಕಣ್ಣೆದುರಿನ ಪದಗಳೇ ಮುಖ್ಯ.

ಎರಡೂ ಕಡೆ ರೊಮ್ಯಾಂಟಿಕ್ ಪಾಠ ಸಾಮಾನ್ಯವಾಗಿ ಒಂದು ಪಟ್ಟಿಯಿಂದ ಶುರುವಾಗುತ್ತದೆ. ಪ್ರಕೃತಿ ಪ್ರೇಮ, ಕಲ್ಪನೆ, ಭಾವನೆ, ವ್ಯಕ್ತಿಯ ಸ್ವಾತಂತ್ರ್ಯ, ಬಾಲ್ಯ, ಸಾಮಾನ್ಯ ಜನರ ಬದುಕು. ಪ್ರಣಯಕ್ಕೂ ಇದಕ್ಕೂ ಅಷ್ಟೇನೂ ಸಂಬಂಧ ಇಲ್ಲ ಅನ್ನುವ ಎಚ್ಚರಿಕೆಯೂ ಬರುತ್ತದೆ. ಪಟ್ಟಿ ತಪ್ಪಲ್ಲ. ತೊಂದರೆ ಆಮೇಲೆ. ಹುಡುಗರು ಪ್ರತಿ ಪದ್ಯಕ್ಕೂ ಜಾತಕ ಕೂಡಿಸುವವರ ಹಾಗೆ ಗುಣ ಎಣಿಸಲು ಹೊರಡುತ್ತಾರೆ. ಪ್ರಕೃತಿ ಇದೆಯಾ, ಇದೆ. ಭಾವನೆ ಇದೆಯಾ, ಇದೆ. ಆಯಿತು, ರೊಮ್ಯಾಂಟಿಕ್! ಹೀಗೆ ಎಣಿಸಿದರೆ ಬ್ಲೇಕ್‌ನೂ ಬೈರನ್‌ನೂ ಒಂದೇ ಥರ ಕಾಣುತ್ತಾರೆ. ಅವರಿಬ್ಬರೂ ಒಂದೇ ಥರ ಕಂಡರೆ ಎಲ್ಲೋ ಓದು ಕೆಟ್ಟಿದೆ ಎಂದೇ ಅರ್ಥ.

ಇವರು ಒಂದು ಗುಂಪಾಗಿರಲಿಲ್ಲ. ತಮ್ಮನ್ನು ರೊಮ್ಯಾಂಟಿಕ್ ಕವಿಗಳು ಎಂದು ಕರೆದುಕೊಂಡವರೂ ಅಲ್ಲ. ಆ ಹಣೆಪಟ್ಟಿ ಹಚ್ಚಿದ್ದು ಆಮೇಲಿನವರು. ಬ್ಲೇಕ್ ಹುಟ್ಟಿದ್ದು 1757ರಲ್ಲಿ, ಕೀಟ್ಸ್ 1795ರಲ್ಲಿ. ನಡುವೆ ಸುಮಾರು ನಲವತ್ತು ವರ್ಷ. ಆ ನಲವತ್ತು ವರ್ಷದ ನಡುವೆ 1789ರ ಫ್ರೆಂಚ್ ಕ್ರಾಂತಿ ಇದೆ. ವರ್ಡ್ಸ್‌ವರ್ತ್‌ಗೆ ಆಗ ಹತ್ತೊಂಬತ್ತು. 1791ರಲ್ಲಿ ಫ್ರಾನ್ಸಿಗೆ ಹೋದ. ಹೊಸ ಲೋಕ ಹುಟ್ಟುತ್ತಿದೆ ಎಂದು ನಂಬಿದ. ಅಲ್ಲಿ ಆನೆಟ್ ವ್ಯಾಲನ್ ಎಂಬುವಳಿಂದ ಅವನಿಗೊಂದು ಮಗಳೂ ಹುಟ್ಟಿದಳು. 1793ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಶುರುವಾಯಿತು. ಪ್ಯಾರಿಸಿನಲ್ಲಿ ಗಿಲಟಿನ್ ಬಿಡುವಿಲ್ಲದೆ ತಲೆ ಕತ್ತರಿಸಿತು. ಕ್ರಾಂತಿಯನ್ನು ನಂಬಿದವರಿಗೆ ಆ ನಂಬಿಕೆ ಇಟ್ಟುಕೊಳ್ಳಲು ಜಾಗವೇ ಇಲ್ಲದಂತಾಯಿತು. ವರ್ಡ್ಸ್‌ವರ್ತ್ ಬೆಟ್ಟ ಕಣಿವೆಗಳ ಕಡೆ ತಿರುಗಿದ್ದು ಇದರ ಮೇಲೆ. ಪ್ರಕೃತಿ ಅವನಿಗೆ ಆಸರೆ. ಎಲ್ಲಿಂದ ತಪ್ಪಿಸಿಕೊಂಡು ಅಲ್ಲಿಗೆ ಬಂದ ಅನ್ನುವುದನ್ನು ಬಿಟ್ಟು ಅವನ ಪದ್ಯ ಓದಿದರೆ ಬರೀ ಹೂವು ಹಳ್ಳ ಕಾಣುತ್ತವೆ.

ಮುಂದಿನ ತಲೆಮಾರಿನ ಬೈರನ್, ಶೆಲ್ಲಿ, ಕೀಟ್ಸ್‌ಗೆ ಕ್ರಾಂತಿ ಅನ್ನುವುದು ಹಿರಿಯರು ಹೇಳುವ ಕಥೆ. ಹಿರಿಯರ ಮೇಲೆ ಅವರಿಗೆ ಸಿಟ್ಟಿತ್ತು. ವರ್ಡ್ಸ್‌ವರ್ತ್ 1813ರಲ್ಲಿ ಸರ್ಕಾರದ ಸ್ಟಾಂಪು ಹಂಚುವ ಹುದ್ದೆ ಹಿಡಿದ. 1816ರಲ್ಲಿ ಶೆಲ್ಲಿ ಅವನ ಮೇಲೆ ಒಂದು ಸಾನೆಟ್ ಬರೆದ. ಸತ್ತವನಿಗೆ ಶೋಕ ಹಾಡುವ ಧಾಟಿಯಲ್ಲಿದೆ ಆ ಪದ್ಯ. ವರ್ಡ್ಸ್‌ವರ್ತ್ ಇನ್ನೂ ಬದುಕಿದ್ದ! ಅದಾದ ಮೇಲೆ ಇನ್ನೂ 34 ವರ್ಷ ಬದುಕಿದ, ಆಸ್ಥಾನಕವಿಯೂ ಆದ. ಶೆಲ್ಲಿಯೇ 1822ರಲ್ಲಿ ಇಟಲಿಯ ಸಮುದ್ರದಲ್ಲಿ ಮುಳುಗಿ ಹೋದ. ಬೈರನ್ ಅಂತೂ ಡಾನ್ ಜುವಾನ್‌ನಲ್ಲಿ ವರ್ಡ್ಸ್‌ವರ್ತ್‌ನನ್ನು ಎಗ್ಗಿಲ್ಲದೆ ಗೇಲಿ ಮಾಡಿದ್ದಾನೆ. ಇವರನ್ನೆಲ್ಲ ಒಂದೇ ಪಟ್ಟಿಯಲ್ಲಿ ಕೂರಿಸುವ ಬದಲು ಒಂದೇ ಕೋಣೆಯಲ್ಲಿ ಜಗಳಕ್ಕೆ ಬಿಟ್ಟರೆ ಪಾಠ ಎಷ್ಟೋ ಚೆನ್ನಾಗಿ ಅರ್ಥ ಆಗುತ್ತದೆ.

ಜಗಳ ಜೊತೆಗಾರರ ನಡುವೆಯೂ ಇತ್ತು. 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ಲಿರಿಕಲ್ ಬ್ಯಾಲಡ್ಸ್ ಎಂಬ ಸಂಕಲನ ತಂದರು. ಪುಸ್ತಕದ ಮೇಲೆ ಯಾರ ಹೆಸರೂ ಇರಲಿಲ್ಲ. 1800ರಲ್ಲಿ ಎರಡನೇ ಆವೃತ್ತಿ ಬಂದಾಗ ವರ್ಡ್ಸ್‌ವರ್ತ್ ಒಂದು ಮುನ್ನುಡಿ ಸೇರಿಸಿದ. ತರಗತಿಯಲ್ಲಿ ಎಲ್ಲರೂ ಓದುವ ಮುನ್ನುಡಿ ಅದು. ಕವಿತೆಯ ಭಾಷೆ ಜನ ನಿಜವಾಗಿ ಆಡುವ ಮಾತಿನಿಂದ ಬರಬೇಕು, ಹಳ್ಳಿಯ ಸಾಮಾನ್ಯ ಬದುಕು ಅದರ ವಸ್ತು ಆಗಬೇಕು, ಕವಿತೆ ಅಂದರೆ ಶಾಂತವಾಗಿ ಕೂತು ನೆನೆದುಕೊಂಡ ಭಾವನೆ ಎಂದು ಅದರಲ್ಲಿ ಹೇಳಿದ್ದಾನೆ. ಹದಿನೇಳು ವರ್ಷದ ಮೇಲೆ ಕೋಲ್‌ರಿಜ್ ಬಯೋಗ್ರಾಫಿಯಾ ಲಿಟರೇರಿಯಾದಲ್ಲಿ ಇದನ್ನು ಒಪ್ಪದೆ ಉದ್ದುದ್ದ ವಾದ ಮಾಡಿದ. ನಿನ್ನ ಒಳ್ಳೆಯ ಪದ್ಯಗಳು ನಿನ್ನ ನಿಯಮವನ್ನೇ ಪಾಲಿಸುವುದಿಲ್ಲವಲ್ಲ ಎನ್ನುವುದು ಅವನ ತಕರಾರಿನ ತಿರುಳು.

ಕೋಲ್‌ರಿಜ್ ಹೇಳಿದ್ದು ಸರಿಯೇ ಎಂದು ನನಗನ್ನಿಸುತ್ತದೆ. ಆ ಸಂಕಲನದ ಕೊನೆಯ ಪದ್ಯ ಟಿಂಟರ್ನ್ ಆ್ಯಬಿ ತೆಗೆದು ನೋಡಿ. ಒಂದೊಂದು ವಾಕ್ಯ ಏಳೆಂಟು ಸಾಲು ಹರಿಯುತ್ತದೆ. ಯಾವ ಕುರಿ ಕಾಯುವವನೂ ಹಾಗೆ ಮಾತಾಡುವುದಿಲ್ಲ. ಆ ಪದ್ಯದಲ್ಲಿ ಕಾಡಿನ ನಡುವಿನಿಂದ ಸಣ್ಣಗೆ ಹೊಗೆ ಏಳುತ್ತದೆ. ಮನೆಯಿಲ್ಲದ ಅಲೆಮಾರಿಗಳು ಹಚ್ಚಿದ ಬೆಂಕಿ ಇರಬಹುದು ಅಥವಾ ಒಬ್ಬ ಸನ್ಯಾಸಿಯದ್ದಿರಬಹುದು ಎಂದು ಕವಿ ಊಹಿಸುತ್ತಾನೆ. ಊಹಿಸಿ ಮುಂದೆ ಹೋಗುತ್ತಾನೆ. ವೈ ನದಿಯ ಆ ಕಣಿವೆಯಲ್ಲಿ ಆಗ ಕಬ್ಬಿಣದ ಕುಲುಮೆಗಳಿದ್ದವು, ಇದ್ದಿಲು ಸುಡುವವರಿದ್ದರು, ಹಾಳು ಬಿದ್ದ ಟಿಂಟರ್ನ್ ಮಠದ ಸುತ್ತ ಭಿಕ್ಷುಕರಿದ್ದರು. 1980ರ ದಶಕದಲ್ಲಿ ಕೆಲವು ವಿಮರ್ಶಕರು ಇದನ್ನೇ ಹಿಡಿದು ಕೇಳಿದರು: ಸಾಮಾನ್ಯ ಜನರ ಕವಿ ಆ ಜನರನ್ನು ಒಂದು ಸಾಲಿನ ಹೊಗೆ ಮಾಡಿ ಬಿಟ್ಟನಲ್ಲ? ಇನ್ನು ಕೆಲವರು ಇದು ಅನ್ಯಾಯದ ಓದು, ಬರೆಯದೆ ಬಿಟ್ಟದ್ದಕ್ಕೆ ಕವಿಯನ್ನು ದೂರುವುದು ಸರಿಯಲ್ಲ ಎಂದರು. ಹದಿನೇಳರ ಹುಡುಗರಿಗೆ ಈ ಜಗಳ ತುಂಬ ಹಿಡಿಸುತ್ತದೆ.

ಭಾಷೆಯ ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಬಿ.ಎಂ.ಶ್ರೀಯವರ ಇಂಗ್ಲಿಷ್ ಗೀತಗಳು ಪುಸ್ತಕವಾಗಿ ಬಂದದ್ದು 1926ರಲ್ಲಿ. ಇಂಗ್ಲಿಷ್ ಭಾವಗೀತೆಗಳನ್ನು ಕನ್ನಡಕ್ಕೆ ತರುವಾಗ ಅವರು ಹಳೆಯ ಪ್ರಾಸದ ಕಟ್ಟು ಸಡಿಲಿಸಿದರು, ಹೊಸ ಲಯ ಹುಡುಕಿದರು. ಆಮೇಲಿನ ನವೋದಯ ಕವಿಗಳಿಗೆ ಅದು ದೊಡ್ಡ ದಾರಿಯಾಯಿತು. ಕನ್ನಡ ಭಾವಗೀತೆ ಕೇಳಿ ಬೆಳೆದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಎಪಿ ಓದುವ ಮೊಮ್ಮಗಳು ಒಮ್ಮೆ ಅವರನ್ನು ಕೇಳಬಹುದು. ಇಂಗ್ಲಿಷ್ ಟೀಚರ್‌ಗೆ ಗೊತ್ತಿಲ್ಲದ ಒಂದು ಕಥೆ ಸಿಗುತ್ತದೆ.

ಈಗ ಬ್ಲೇಕ್. ತರಗತಿಗೆ ಇವನಿಗಿಂತ ಒಳ್ಳೆಯ ಕವಿ ಇಲ್ಲ. ಪದಗಳು ಮಕ್ಕಳ ಪದ್ಯದಷ್ಟು ಸುಲಭ, ಒಳಗೆ ಬೆಂಕಿ. ಸಾಂಗ್ಸ್ ಆಫ್ ಇನೊಸೆನ್ಸ್ 1789ರಲ್ಲಿ ಬಂತು. 1794ರಲ್ಲಿ ಅದಕ್ಕೆ ಎಕ್ಸ್‌ಪೀರಿಯನ್ಸ್ ಭಾಗವನ್ನು ಸೇರಿಸಿದ. ತಾಮ್ರದ ತಗಡಿನ ಮೇಲೆ ಪದ್ಯವನ್ನೂ ಚಿತ್ರವನ್ನೂ ಸೇರಿಸಿ ತಾನೇ ಬರೆದು, ಆಮ್ಲದಲ್ಲಿ ಕೊರೆದು, ಅಚ್ಚೊತ್ತಿ, ಹೆಂಡತಿ ಕ್ಯಾಥರೀನ್ ಜೊತೆ ಕೂತು ಬಣ್ಣ ಹಚ್ಚುತ್ತಿದ್ದ. ಕೊಂಡವರು ಬೆರಳೆಣಿಕೆಯಷ್ಟು ಜನ. ಬರೀ ಅಕ್ಷರ ಓದಿದರೆ ಅರ್ಧ ಓದಿದಂತೆ. ಆ ಪುಟಗಳ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ನೋಡಿಕೊಂಡು ಓದಬೇಕು.

ಎರಡೂ ಭಾಗದಲ್ಲಿ ಚಿಮಣಿ ಗುಡಿಸುವ ಹುಡುಗನ ಮೇಲೆ ಒಂದೊಂದು ಪದ್ಯ ಇದೆ. ಲಂಡನ್ನಿನ ಮನೆಗಳ ಚಿಮಣಿ ಕಿರಿದು. ಸಣ್ಣ ಮಕ್ಕಳು ಮಾತ್ರ ಒಳಗೆ ನುಗ್ಗಬಲ್ಲರು. ಬಡವರು ನಾಲ್ಕೈದು ವರ್ಷದ ಮಕ್ಕಳನ್ನೇ ಈ ಕೆಲಸಕ್ಕೆ ಮಾರುತ್ತಿದ್ದರು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಬಾರದು ಎಂದು 1788ರಲ್ಲಿ ಕಾನೂನು ಬಂತು. ಯಾರೂ ಪಾಲಿಸಲಿಲ್ಲ. ಅದರ ಮರುವರ್ಷವೇ ಬ್ಲೇಕ್‌ನ ಮೊದಲ ಪದ್ಯ.

ಅದರಲ್ಲಿ ಹುಡುಗನೇ ಮಾತಾಡುತ್ತಾನೆ. ಅಮ್ಮ ಸತ್ತಾಗ ನಾನು ತೀರ ಚಿಕ್ಕವನು, ನಾಲಿಗೆ ಹೊರಳುವ ಮೊದಲೇ ಅಪ್ಪ ಮಾರಿಬಿಟ್ಟ ಅನ್ನುತ್ತಾನೆ. ಬೀದಿಯಲ್ಲಿ "ಸ್ವೀಪ್, ಸ್ವೀಪ್" ಎಂದು ಕೂಗಬೇಕು. ಅವನ ತೊದಲು ಬಾಯಲ್ಲಿ ಅದು "ವೀಪ್, ವೀಪ್" ಆಗುತ್ತದೆ. ಗುಡಿಸುತ್ತೇನೆ ಎಂದು ಕೂಗಲು ಹೋಗಿ ಅಳು ಅಂದುಬಿಡುತ್ತಾನೆ, ಅವನಿಗೇ ಗೊತ್ತಿಲ್ಲದೆ. ನಂತರದ ಸಾಲಿನಲ್ಲಿ ಇನ್ನೂ ಒಂದು ಪುಟ್ಟ ಪದ ಇದೆ: "ನಿಮ್ಮ" ಚಿಮಣಿ ಗುಡಿಸುತ್ತೇನೆ. ನಿಮ್ಮ ಅಂದರೆ ಯಾರದು? ಪುಸ್ತಕ ಕೊಂಡು ಬೆಂಕಿಯ ಪಕ್ಕ ಕೂತು ಓದುತ್ತಿರುವವರದು. ಹುಡುಗ ಯಾರನ್ನೂ ಬೈದಿಲ್ಲ. ಆದರೂ ಓದುವವನ ಕೈಗೆ ಮಸಿ ಹತ್ತಿತು.

ಅವನ ಗೆಳೆಯ ಟಾಮ್‌ಗೆ ಒಂದು ಕನಸು. ಕಪ್ಪು ಶವಪೆಟ್ಟಿಗೆಗಳಲ್ಲಿ ಬೀಗ ಹಾಕಿಟ್ಟ ಸಾವಿರಾರು ಹುಡುಗರನ್ನು ದೇವದೂತ ಬಂದು ಬಿಡಿಸುತ್ತಾನೆ. ಒಳ್ಳೆಯ ಹುಡುಗನಾಗಿದ್ದರೆ ದೇವರೇ ನಿನಗೆ ಅಪ್ಪ ಅನ್ನುತ್ತಾನೆ. ಬೆಳಿಗ್ಗೆ ಕತ್ತಲಲ್ಲಿ ಎದ್ದು, ಚಳಿಯಲ್ಲಿ ಮತ್ತೆ ಕೆಲಸಕ್ಕೆ. ಟಾಮ್ ಖುಷಿಯಾಗಿದ್ದಾನೆ. ಎಲ್ಲರೂ ತಮ್ಮ ಕರ್ತವ್ಯ ಮಾಡಿದರೆ ಯಾರಿಗೂ ಕೇಡಿಲ್ಲ ಎಂಬ ನೀತಿಯೊಂದಿಗೆ ಪದ್ಯ ಮುಗಿಯುತ್ತದೆ.

ಈ ಕೊನೆಯ ಸಾಲನ್ನು ನಂಬಬೇಕಾ? ಇಲ್ಲೇ ತರಗತಿ ಎರಡು ಭಾಗವಾಗುತ್ತದೆ. ಒಂದು ಗುಂಪು ಇದು ವ್ಯಂಗ್ಯ ಅನ್ನುತ್ತದೆ. ಇನ್ನೊಂದು ಗುಂಪು, ಹುಡುಗ ಮನಸಾರೆ ನಂಬಿದ್ದಾನಲ್ಲ, ಅವನಿಗಿರುವ ಒಂದೇ ಸಮಾಧಾನ ಅದು, ನಾವ್ಯಾಕೆ ಕಿತ್ತುಕೊಳ್ಳಬೇಕು ಅನ್ನುತ್ತದೆ. ಕಿವಿ ಚುರುಕಿರುವ ಯಾರೋ ಒಬ್ಬಳು ಪ್ರಾಸ ಗಮನಿಸುತ್ತಾಳೆ. ಕೊನೆಯ ಎರಡು ಸಾಲಿನ "ವಾರ್ಮ್" ಮತ್ತು "ಹಾರ್ಮ್" ಕಾಗದದ ಮೇಲೆ ಕೂಡುತ್ತವೆ, ಇಂದಿನ ಬಾಯಲ್ಲಿ ಸರಿಯಾಗಿ ಕೂಡುವುದಿಲ್ಲ. ಹುಡುಗ ಮುಗ್ಧ, ಪದ್ಯ ಮುಗ್ಧ ಅಲ್ಲ. ಹೇಳುವವನು ಬೇರೆ, ಬರೆದವನು ಬೇರೆ ಅನ್ನುವುದನ್ನು ಕಲಿಸಲು ಇದಕ್ಕಿಂತ ಚಿಕ್ಕ ಪದ್ಯ ನನಗೆ ಗೊತ್ತಿಲ್ಲ.

ಎಕ್ಸ್‌ಪೀರಿಯನ್ಸ್ ಭಾಗದ ಹುಡುಗನಿಗೆ ಎಲ್ಲ ಗೊತ್ತು. ಹಿಮದ ನಡುವೆ ಒಂದು ಕಪ್ಪು ಚುಕ್ಕೆಯಂತೆ ನಿಂತಿದ್ದಾನೆ. ಅಪ್ಪ ಅಮ್ಮ ಎಲ್ಲಿ ಎಂದರೆ, ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದಾರೆ ಅನ್ನುತ್ತಾನೆ. ನಾನು ನಗುತ್ತಾ ಕುಣಿಯುತ್ತಾ ಇರುವುದರಿಂದ ನನಗೇನೂ ಅನ್ಯಾಯ ಮಾಡಿಲ್ಲ ಅಂದುಕೊಂಡಿದ್ದಾರೆ. ದೇವರು, ಪಾದ್ರಿ, ರಾಜ ಮೂವರೂ ನಮ್ಮ ಸಂಕಟದ ಮೇಲೆ ಸ್ವರ್ಗ ಕಟ್ಟಿಕೊಂಡಿದ್ದಾರೆ. ಎರಡು ಪದ್ಯವನ್ನೂ ಜೊತೆಗಿಟ್ಟು ಓದಿದಾಗ ಮೊದಲನೆಯದರ ದೇವದೂತನ ಮೇಲೂ ಅನುಮಾನ ಬರುತ್ತದೆ. ರೊಮ್ಯಾಂಟಿಕರು ಬಾಲ್ಯವನ್ನು ಹಾಡಿದರು ಎಂದು ಪಟ್ಟಿಯಲ್ಲಿ ಬರೆದಿತ್ತು ಅಲ್ವಾ? ಇಲ್ಲಿ ಬಾಲ್ಯ ಇಷ್ಟೇ.

ಶೆಲ್ಲಿಯ ಒಜಿಮ್ಯಾಂಡಿಯಸ್ ಪದ್ಯ ಬೇರೊಂದು ಅಭ್ಯಾಸಕ್ಕೆ ಒಳ್ಳೆಯದು. ಹದಿನಾಲ್ಕೇ ಸಾಲು. 1818ರ ಜನವರಿಯಲ್ಲಿ ಎಕ್ಸಾಮಿನರ್ ಪತ್ರಿಕೆಯಲ್ಲಿ ಅಚ್ಚಾಯಿತು. ಮರಳುಗಾಡಿನಲ್ಲಿ ಒಡೆದು ಬಿದ್ದ ರಾಜನ ವಿಗ್ರಹ, ಪೀಠದ ಮೇಲೆ "ನನ್ನ ಕೆಲಸ ನೋಡಿ ಹತಾಶರಾಗಿ" ಎಂಬ ಬರಹ, ಸುತ್ತ ಏನೂ ಇಲ್ಲ. ಅಧಿಕಾರ ಉಳಿಯುವುದಿಲ್ಲ ಎಂಬ ಸಾರಾಂಶ ಎಂಟನೇ ತರಗತಿಯ ಹುಡುಗನೂ ಹೇಳುತ್ತಾನೆ. ಎಪಿ ತರಗತಿಯಲ್ಲಿ ಕೇಳುವ ಪ್ರಶ್ನೆ: ಇದನ್ನು ನಮಗೆ ಹೇಳುತ್ತಿರುವುದು ಯಾರು? "ನಾನು" ಒಬ್ಬ ಪ್ರಯಾಣಿಕನನ್ನು ಕಂಡೆ. ಆ ಪ್ರಯಾಣಿಕ ವಿಗ್ರಹ ಕಂಡ. ವಿಗ್ರಹವನ್ನು ಒಬ್ಬ ಶಿಲ್ಪಿ ಕೆತ್ತಿದ್ದ. ಶಿಲ್ಪಿ ರಾಜನ ಮಾತನ್ನು ಕೊರೆದ. ಜಗತ್ತನ್ನೇ ನಡುಗಿಸಿದವನ ದನಿ ನಾಲ್ಕು ಕೈ ದಾಟಿ, ಯಾರೋ ಯಾರಿಗೋ ಹೇಳಿದ ಮಾತಾಗಿ ನಮ್ಮ ಕಿವಿಗೆ ಬೀಳುತ್ತಿದೆ. ಪದ್ಯದ ಅರ್ಥ ಅದರ ಕಟ್ಟಡದಲ್ಲೇ ಇದೆ. ಹಾಗಾದರೆ ರಾಜ ಹೋದ, ಕಲೆ ಉಳಿಯಿತು ಎಂದು ಬರೆಯಬಹುದಾ? ಬರೆಯಬಹುದು. ಆದರೆ ಆ ಕಲೆಯೂ ಮುಖ ಸೀಳಿ, ಮುಂಡ ಇಲ್ಲದೆ ಬಿದ್ದಿದೆ. ಅದನ್ನು ಮರೆತರೆ ಟೀಚರ್ ಕೆಂಪು ಗೆರೆ ಎಳೆಯುತ್ತಾರೆ.

ಕಾದಂಬರಿಗೆ ಬಂದರೆ ಕವಿ ಶೆಲ್ಲಿಯ ಹೆಂಡತಿ ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಬಿಸಿಲು ತಡೆದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಬಳಿ ಬೈರನ್ ಬಾಡಿಗೆಗೆ ಹಿಡಿದ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದವರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿಕೊಂಡರು. ಮೇರಿಗೆ ಆಗ ಹದಿನೆಂಟು. ಪುಸ್ತಕ 1818ರ ಜನವರಿ 1ರಂದು ಹೆಸರಿಲ್ಲದೆ ಬಂತು, 500 ಪ್ರತಿ. ಈ ಕಥೆ ಎಲ್ಲ ಗೈಡುಗಳಲ್ಲೂ ಸಿಗುತ್ತದೆ. ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಬೇರೆ. ಈ ಹುಡುಗಿ ಕವಿಗಳ ನಡುವೆ ಕೂತು, ಅವರು ಮಾತಾಡುವುದನ್ನೆಲ್ಲ ಕೇಳಿಸಿಕೊಂಡು, ಅವರ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಾಕಿದಳು.

ವಿಕ್ಟರ್ ಫ್ರಾಂಕೆನ್‌ಸ್ಟೈನ್ ಹೆಣಗಳ ತುಂಡು ಕೂಡಿಸಿ ಜೀವ ಕೊಡುತ್ತಾನೆ. ಅದು ಕಣ್ಣು ಬಿಟ್ಟ ಕ್ಷಣ ಹೆದರಿ ಓಡಿಹೋಗುತ್ತಾನೆ. ಮುಂದೆ ಸಾವುಗಳು ಶುರುವಾಗುತ್ತವೆ. ದುಃಖ ತಡೆಯಲಾರದೆ ಅವನು ಆಲ್ಪ್ಸ್ ಬೆಟ್ಟ ಹತ್ತುತ್ತಾನೆ. ದೊಡ್ಡ ಹಿಮನದಿಯ ಎದುರು ನಿಂತಾಗ ಮನಸ್ಸು ಹಗುರಾಗುತ್ತದೆ. ಪ್ರಕೃತಿ ಗಾಯ ಮಾಯಿಸುತ್ತದೆ ಅನ್ನುವ ವರ್ಡ್ಸ್‌ವರ್ತ್ ಪಾಠ ಇಲ್ಲಿ ಅಚ್ಚುಕಟ್ಟಾಗಿ ನಡೆಯುತ್ತಿದೆ. ಅಷ್ಟರಲ್ಲಿ ಹಿಮದ ಮೇಲೆ ಯಾರೋ ಅತಿವೇಗದಲ್ಲಿ ಬರುತ್ತಿರುವುದು ಕಾಣುತ್ತದೆ. ಅವನು ಹುಟ್ಟಿಸಿ ಬಿಟ್ಟುಹೋದ ಜೀವಿ! ಬೆಟ್ಟ ಎಷ್ಟು ಭವ್ಯವಾದರೇನು, ಮಾಡಿದ್ದು ಅಲ್ಲಿಗೂ ಹಿಂಬಾಲಿಸಿ ಬರುತ್ತದೆ.

ವಿಕ್ಟರ್‌ನ ಗೆಳೆಯ ಕ್ಲರ್ವಲ್ ಪ್ರಕೃತಿಯನ್ನು ಪ್ರಾಣದಂತೆ ಪ್ರೀತಿಸುವವನು. ಅವನನ್ನು ನೆನೆಯುವಾಗ ಕಾದಂಬರಿ ಟಿಂಟರ್ನ್ ಆ್ಯಬಿಯ ಸಾಲುಗಳನ್ನೇ ಎತ್ತಿ ಹೇಳುತ್ತದೆ. ಆ ಕ್ಲರ್ವಲ್‌ನನ್ನು ಜೀವಿ ಕತ್ತು ಹಿಸುಕಿ ಕೊಲ್ಲುತ್ತದೆ. ತನ್ನನ್ನು ಪ್ರೀತಿಸಿದವನನ್ನು ಪ್ರಕೃತಿ ಎಂದೂ ಕೈಬಿಡುವುದಿಲ್ಲ ಎಂದು ಅದೇ ಟಿಂಟರ್ನ್ ಆ್ಯಬಿ ಭರವಸೆ ಕೊಟ್ಟಿತ್ತು. ಮೇರಿ ವಾದ ಮಾಡಲು ಹೋಗುವುದಿಲ್ಲ, ಸುಮ್ನೆ ಹೆಣ ತೋರಿಸುತ್ತಾಳೆ. ಪರೀಕ್ಷೆಯ ಮೂರನೇ ಎಸ್ಸೇಗೆ ಇಂಥ ಕಾದಂಬರಿ ಕೈಹಿಡಿಯುತ್ತದೆ. ಹೊಣೆ, ಒಂಟಿತನ, ಅಪ್ಪ ಮಕ್ಕಳು, ಜ್ಞಾನದ ಹಸಿವು, ಯಾವ ಪ್ರಶ್ನೆ ಬಂದರೂ ಇದರಿಂದ ಬರೆಯಬಹುದು. ಜೀವಿಗೆ ಹೆಸರೇ ಇಲ್ಲ ಅನ್ನುವುದು ಮಾತ್ರ ನೆನಪಿರಲಿ. ಫ್ರಾಂಕೆನ್‌ಸ್ಟೈನ್ ಅಂದರೆ ರಾಕ್ಷಸ ಎಂದು ಬರೆದವರು ಪುಸ್ತಕ ಓದಿಲ್ಲ ಎಂದು ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ.

ಎಸ್ಸೇ ಬರೆಯುವ ವಿಷಯಕ್ಕೆ ಬರೋಣ. ಎಪಿಯಲ್ಲಿ ಒಂದೊಂದು ಎಸ್ಸೇಗೂ 6 ಅಂಕ. ವಾದ ಇಟ್ಟದ್ದಕ್ಕೆ 1, ಪದ್ಯದಿಂದ ಆಧಾರ ಕೊಟ್ಟು ವಿವರಿಸಿದ್ದಕ್ಕೆ 4, ಯೋಚನೆಯ ಆಳಕ್ಕೆ 1. ಹೆಚ್ಚು ಅಂಕ ನಡುವಿನ ನಾಲ್ಕರಲ್ಲಿದೆ. ಸಮಯ ಒಂದಕ್ಕೆ ಸುಮಾರು 40 ನಿಮಿಷ. ಮತ್ತೆ ಡ್ಯಾಫೊಡಿಲ್ಸನ್ನೇ ತೆಗೆದುಕೊಂಡರೆ, ದುರ್ಬಲ ಆರಂಭ ಹೀಗಿರುತ್ತದೆ: "ಕವಿ ಉಪಮೆ ಮತ್ತು ಪ್ರತಿಮೆಗಳನ್ನು ಬಳಸಿ ಪ್ರಕೃತಿಯ ಸೌಂದರ್ಯವನ್ನು ತೋರಿಸಿದ್ದಾನೆ." ಯಾರೂ ಇದಕ್ಕೆ ಇಲ್ಲ ಅನ್ನಲಾರರು. ಇಲ್ಲ ಅನ್ನಲಾಗದ ಮಾತು ವಾದ ಆಗುವುದಿಲ್ಲ. ಗಟ್ಟಿ ಆರಂಭ ಹೀಗಿರಬಹುದು: "ಹೂಗಳನ್ನು ಹಾಡುವಂತೆ ಶುರುವಾದರೂ ಈ ಪದ್ಯಕ್ಕೆ ಬೇಕಿರುವುದು ಹೂಗಳ ನೆನಪು. ಕಣ್ಣೆದುರು ಇದ್ದಾಗ ಯೋಚಿಸದೆ ನೋಡಿದವನು ಅವು ಇಲ್ಲದಾಗಲೇ ಅವುಗಳ ಜೊತೆ ಕುಣಿಯುತ್ತಾನೆ."

ಇನ್ನು ಆಧಾರ. ಮೊದಲ ಮೂರು ನುಡಿಗಳಲ್ಲಿ ಕವಿ ಕಂಡದ್ದು, ಮಾಡಿದ್ದು ಎಲ್ಲ ನಡೆದುಹೋದ ಕಾಲದಲ್ಲಿದೆ. ಕೊನೆಯ ನುಡಿ ವರ್ತಮಾನಕ್ಕೆ ಜಿಗಿಯುತ್ತದೆ. ಕವಿ ಈಗ ಮನೆಯೊಳಗೆ ಮಲಗಿದ್ದಾನೆ. ಮೊದಲ ಸಾಲಿನ "ಲೋನ್ಲಿ" ಬೇಸರದ ಪದ. ಕೊನೆಗೆ ಬರುವ "ಸಾಲಿಟ್ಯೂಡ್" ಸುಖದ ಪದ. ಒಂಟಿತನ ಏಕಾಂತ ಆದದ್ದೇ ಪದ್ಯದ ಕಥೆ. ನಡುವೆ "ವೆಲ್ತ್" ಎಂಬ ದುಡ್ಡಿನ ಪದವೊಂದು ಇಣುಕುತ್ತದೆ. ಹೂವಿನ ನೋಟ ಕೂಡಿಟ್ಟ ಆಸ್ತಿಯಾಗುತ್ತದೆ, ಆಮೇಲೆ ತೆಗೆದು ಖರ್ಚು ಮಾಡಲಿಕ್ಕೆ. ಇಷ್ಟು ಬರೆಯಲು ಡೊರೊಥಿಯ ಕಥೆ ಗೊತ್ತಿರಬೇಕಾಗಿಲ್ಲ. ಗೊತ್ತಿದ್ದರೆ ಎಪಿಯಲ್ಲಿ ಒಂದು ವಾಕ್ಯ ಸಾಕು. ಎ-ಲೆವೆಲ್ ಆದರೆ ಧಾರಾಳವಾಗಿ ಬರೆಯಬಹುದು. ಉಪಮೆ ಎಲ್ಲಿದೆ ಎಂದು ಗುರುತಿಸಿದ್ದಕ್ಕೆ ಎರಡು ಕಡೆಯೂ ಅಷ್ಟು ಬೆಲೆ ಇಲ್ಲ. ಆ ಉಪಮೆ ಅಲ್ಲಿ ಏನು ಮಾಡುತ್ತಿದೆ ಅನ್ನುವುದಕ್ಕೆ ಬೆಲೆ.

ಕೀಟ್ಸ್‌ನನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅವನ ಟು ಆಟಮ್ ಪದ್ಯದ ಮುಂದೆ ಈ ವಿಧಾನವೇ ಕಷ್ಟಕ್ಕೆ ಸಿಗುತ್ತದೆ. ವೈದ್ಯಕೀಯ ಓದಿ ಕಾವ್ಯಕ್ಕಾಗಿ ಅದನ್ನು ಬಿಟ್ಟವನು ಕೀಟ್ಸ್. ತಮ್ಮ ಟಾಮ್‌ನನ್ನು ಕ್ಷಯಕ್ಕೆ ಕಳೆದುಕೊಂಡು, 1821ರಲ್ಲಿ ಅದೇ ಕ್ಷಯಕ್ಕೆ ರೋಮ್‌ನಲ್ಲಿ ತಾನೂ ಸತ್ತ. ವಯಸ್ಸು 25. 1819ರ ಸೆಪ್ಟೆಂಬರ್ 19ರಂದು ವಿಂಚೆಸ್ಟರ್‌ನಲ್ಲಿ ಗದ್ದೆಗಳ ನಡುವೆ ನಡೆದು ಬಂದು ಈ ಪದ್ಯ ಬರೆದ. ಮೂರು ನುಡಿ, ಒಂದೊಂದರಲ್ಲಿ ಹನ್ನೊಂದು ಸಾಲು. ಇಡೀ ಪದ್ಯದಲ್ಲಿ "ನಾನು" ಎಂಬ ಪದವೇ ಇಲ್ಲ. ಹಣ್ಣು ತುಂಬಿದ ಮರ, ಅರ್ಧ ಕೊಯ್ದ ಹೊಲದಲ್ಲಿ ನಿದ್ದೆ ಹೋದ ಶರತ್ಕಾಲ, ಕೊನೆಗೆ ಆಕಾಶದಲ್ಲಿ ಗುಂಪುಗೂಡುವ ಹಕ್ಕಿಗಳು. ದೊಡ್ಡ ಮಾತು ಒಂದೂ ಇಲ್ಲ. ಹೇಳಿಕೊಂಡದ್ದೇ ಇಲ್ಲದ ಮೇಲೆ ಸಂದು ಎಲ್ಲಿ ಹುಡುಕುವುದು?

ಹಿಂದಿನ ತಿಂಗಳು, ಆಗಸ್ಟ್ 16ರಂದು, ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಫೀಲ್ಡ್‌ನಲ್ಲಿ ಮತದಾನದ ಹಕ್ಕು ಕೇಳಲು ಸುಮಾರು 60,000 ಜನ ಸೇರಿದ್ದರು. ಕುದುರೆ ಸವಾರರು ಕತ್ತಿ ಹಿಡಿದು ನುಗ್ಗಿದರು; ಸುಮಾರು ಹದಿನೆಂಟು ಜನ ಸತ್ತರು, ನೂರಾರು ಜನ ಗಾಯಗೊಂಡರು. ಅದಕ್ಕೆ ಪೀಟರ್ಲೂ ಎಂದು ಹೆಸರು ಬಿತ್ತು. ಇಟಲಿಯಲ್ಲಿದ್ದ ಶೆಲ್ಲಿ ಸುದ್ದಿ ಕೇಳಿ ಕುದ್ದುಹೋಗಿ ಉದ್ದನೆಯ ಪದ್ಯ ಬರೆದ. ಅಚ್ಚು ಹಾಕಲು ಎಷ್ಟು ಹೆದರಿಕೆ ಇತ್ತೆಂದರೆ ಅದು ಬೆಳಕು ಕಂಡದ್ದು 1832ರಲ್ಲಿ. ಕೀಟ್ಸ್‌ಗೂ ಎಲ್ಲ ಗೊತ್ತಿತ್ತು. ಸೆಪ್ಟೆಂಬರ್ 13ರಂದು ಆ ಸಭೆಯ ಮುಖಂಡ ಹೆನ್ರಿ ಹಂಟ್ ಲಂಡನ್ನಿಗೆ ಬಂದಾಗ ಬೀದಿಯುದ್ದಕ್ಕೂ ಜನ ನಿಂತಿದ್ದರು. ಕೀಟ್ಸ್ ಆಗ ಲಂಡನ್ನಿನಲ್ಲೇ ಇದ್ದ, ತಮ್ಮ ಜಾರ್ಜ್‌ಗೆ ಬರೆದ ಪತ್ರದಲ್ಲಿ ಅದನ್ನು ಹೇಳಿದ್ದಾನೆ. ಆರು ದಿನದ ಮೇಲೆ ಬರೆದ ಪದ್ಯದಲ್ಲಿ ಅದರ ಸುಳಿವೇ ಇಲ್ಲ.

ಇದೆ ಅನ್ನುವವರೂ ಇದ್ದಾರೆ. ಸೂರ್ಯನೂ ಶರತ್ಕಾಲವೂ ಸೇರಿ ಹಣ್ಣು ತುಂಬಿಸಲು ಮಸಲತ್ತು ಮಾಡುತ್ತಾರೆ ಎಂದು ಪದ್ಯ ಹೇಳುತ್ತದೆ. ಅಲ್ಲಿ ಬಳಸಿರುವುದು "ಕನ್‌ಸ್ಪೈರಿಂಗ್" ಎಂಬ ಪದ. ಪಿತೂರಿಯ ಆಪಾದನೆಗಳು ಹಾರಾಡುತ್ತಿದ್ದ ತಿಂಗಳು ಅದು. ಶರತ್ಕಾಲ ಒಮ್ಮೆ ಹಕ್ಕಲು ಆಯುವವಳಂತೆ ತಲೆಯ ಮೇಲೆ ಹೊರೆ ಹೊತ್ತು ಹಳ್ಳ ದಾಟುತ್ತದೆ. ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯುವುದು ಬಡವರ ಹಕ್ಕಲ್ಲ ಎಂದು 1788ರಲ್ಲೇ ಇಂಗ್ಲೆಂಡಿನ ಕೋರ್ಟು ತೀರ್ಪು ಕೊಟ್ಟಿತ್ತು. ಇದನ್ನೆಲ್ಲ ಕೂಡಿಸಿ ಪದ್ಯದೊಳಗೆ ರಾಜಕೀಯ ಅಡಗಿದೆ ಎಂದು ಓದುತ್ತಾರೆ. ಇನ್ನೊಂದು ಕಡೆಯವರು, ಇಲ್ಲ, ಕವಿ ರಕ್ತದಿಂದ ಮುಖ ತಿರುಗಿಸಿ ಹೊಲ ನೋಡಿದ, ಅಷ್ಟೇ ಅನ್ನುತ್ತಾರೆ. ನನಗೆ ಮೊದಲನೆಯ ಓದು ಸ್ವಲ್ಪ ಎಳೆದದ್ದು ಅನ್ನಿಸುತ್ತದೆ, ಆದರೆ "ಕನ್‌ಸ್ಪೈರಿಂಗ್" ನನ್ನನ್ನೂ ಬಿಡುವುದಿಲ್ಲ. ತರಗತಿಯಲ್ಲಿ ಎರಡು ಕಡೆಯೂ ಒಳ್ಳೆಯ ಎಸ್ಸೇ ಬರೆಯಬಹುದು. ಮುಖ ತಿರುಗಿಸಿದ ಅನ್ನುವವಳು ಆ ಒಂದು ಪದಕ್ಕೆ ಉತ್ತರ ಕೊಡಬೇಕು. ರಾಜಕೀಯ ಇದೆ ಅನ್ನುವವನು ಸೇಬು, ಜೇನು, ಹೆಜಲ್ ಕಾಯಿ, ಕುಂಬಳಕಾಯಿ ಎಲ್ಲದಕ್ಕೂ ಉತ್ತರ ಕೊಡಬೇಕು.